ಅಣ್ಣನ ಎದೆ ಮೇಲೆ ನೇರಳೆ ಗಂಟುಗಳು, ಲ್ಯುಕೇಮಿಯಾ ಇರಬಹುದು ಅಂತಿದ್ದಾರೆ. ಚರ್ಮದಲ್ಲಿ ಮೊದಲು ಗೊತ್ತಾಗುತ್ತಾ?

ಹೊಂಗೆನೆರಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಣ್ಣನಿಗೆ ಐವತ್ತು ದಾಟಿದೆ. ಶುಗರ್, ಬಿಪಿ ಏನೂ ಇಲ್ಲ. ಕೆಲವು ವಾರಗಳ ಹಿಂದೆ ಎದೆ ಮೇಲೆ ಎರಡು ಮೂರು ಗುಳ್ಳೆ ಕಾಣಿಸಿಕೊಂಡವು. ಗುಳ್ಳೆ ಅಂದ್ರೆ ಕೀವಿಲ್ಲ, ನೀರಿಲ್ಲ. ಮುಟ್ಟಿದರೆ ರಬ್ಬರ್ ಥರ ಗಟ್ಟಿ. ಬಣ್ಣ ಮೊದಲು ಕಂದುಗೆಂಪು ಇತ್ತು, ಈಗ ನೇರಳೆಗೆ ತಿರುಗಿದೆ. ತುರಿಕೆ ಇಲ್ಲ, ನೋವೂ ಇಲ್ಲ, ಅದಕ್ಕೇ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಅಲರ್ಜಿ ಅಂತ ಒಂದು ಮುಲಾಮು, ರಾತ್ರಿಗೊಂದು ಮಾತ್ರೆ ಕೊಟ್ಟರು. ಏನೂ ಕಡಿಮೆ ಆಗಲಿಲ್ಲ, ಬೆನ್ನ ಮೇಲೂ ಬಂತು.

ಈಗ ಮೊಣಕಾಲಿನ ಕೆಳಗೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿವೆ, ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರ್ತಿದೆ. ಇನ್ನೊಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಬಾಯಿ ತೆರೆಸಿ ನೋಡಿದರು, ಕುತ್ತಿಗೆ, ಕಂಕುಳು, ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಇವತ್ತೇ ರಕ್ತ ಪರೀಕ್ಷೆ ಮಾಡಿಸಿ, ಗಂಟಿನ ಬಯಾಪ್ಸಿಯೂ ಬೇಕು, ಲ್ಯುಕೇಮಿಯಾ ಅಲ್ಲ ಅಂತ ಖಚಿತ ಮಾಡಿಕೊಳ್ಳಬೇಕು ಅಂದರು. ರಕ್ತ ಕೊಟ್ಟು ಬಂದಿದ್ದೇವೆ, ರಿಪೋರ್ಟ್ ಸಂಜೆಗೆ.

ನನ್ನ ಪ್ರಶ್ನೆ ಇಷ್ಟೇ. ಲ್ಯುಕೇಮಿಯಾ ಅಂದ್ರೆ ರಕ್ತದ ಕ್ಯಾನ್ಸರ್ ಅಲ್ವಾ, ಚರ್ಮದಲ್ಲಿ ಗಂಟು ಹೇಗೆ ಬರುತ್ತೆ? ಮನೆಯಲ್ಲಿ ದೊಡ್ಡವರು ಗಂಟಿಗೆ ಕತ್ತರಿ ಹಾಕಿದರೆ ಹರಡುತ್ತೆ, ಬಯಾಪ್ಸಿ ಬೇಡ ಅಂತ ಹಟ ಹಿಡಿದಿದ್ದಾರೆ. ಕಾಯಬಹುದಾ? ಗೊತ್ತಿರೋರು ಹೇಳಿ.

---

ಚರ್ಮವೈದ್ಯ_ಒಬ್ಬ ಉತ್ತರಿಸಿದ್ದು:

ಮೊದಲು ಕೊನೆಯ ಪ್ರಶ್ನೆಗೆ ಉತ್ತರ: ಕಾಯಬೇಡಿ. ರಿಪೋರ್ಟ್ ಬಂದ ತಕ್ಷಣ, ರಾತ್ರಿಯಾದರೂ ಸರಿ, ಆ ಡಾಕ್ಟರಿಗೆ ತಲುಪಿಸಿ. ಬಾಯಿ ತೆರೆಸಿ, ಹೊಟ್ಟೆ ಒತ್ತಿ ನೋಡಿದ್ದಾರೆ ಅಂದ್ರೆ ಅವರು ಸರಿಯಾದ ದಾರಿಯಲ್ಲೇ ಹುಡುಕ್ತಿದ್ದಾರೆ. ಅವರನ್ನು ಬಿಡಬೇಡಿ.

ನಿಮ್ಮ ಅಣ್ಣನ ಮೈಮೇಲೆ ಎರಡು ಬೇರೆ ಬೇರೆ ವಿಷಯ ನಡೆಯುತ್ತಿರಬಹುದು. ಜನ ಎರಡನ್ನೂ ಸೇರಿಸಿ ‘ಕಲೆ’ ಅಂದುಬಿಡ್ತಾರೆ, ಅಲ್ಲೇ ಗೊಂದಲ ಶುರು.

ಕಾಲಿನ ಚುಕ್ಕೆಗಳನ್ನು ತಗೊಳ್ಳಿ. ಚರ್ಮದೊಳಗಿನ ಸಣ್ಣ ರಕ್ತನಾಳ ದಿನವೂ ಎಲ್ಲೋ ಒಂದು ಕಡೆ ಸೋರುತ್ತಲೇ ಇರುತ್ತೆ, ಪ್ಲೇಟ್‌ಲೆಟ್‌ಗಳು ಅದನ್ನು ಮುಚ್ಚುತ್ತಾ ಹೋಗುತ್ತವೆ. ರಕ್ತ ತಯಾರಾಗುವ ಅಸ್ಥಿಮಜ್ಜೆಯ ತುಂಬ ಲ್ಯುಕೇಮಿಯಾ ಕಣಗಳೇ ಬೆಳೆದುಕೊಂಡರೆ ಪ್ಲೇಟ್‌ಲೆಟ್ ತಯಾರಾಗೋಕೆ ಜಾಗ ಇಲ್ಲ. ಆಗ ಸೋರಿದ ರಕ್ತ ಚುಕ್ಕೆಯಾಗಿ ನಿಲ್ಲುತ್ತೆ. ನಿಂತಾಗ ಒತ್ತಡ ಜಾಸ್ತಿ ಬೀಳೋದು ಕಾಲಿಗೆ, ಹಾಗಾಗಿ ಮೊದಲು ಅಲ್ಲೇ. ಇದಕ್ಕೆ ಪೆಟೀಕಿಯೆ ಅಂತೀವಿ. ಒಂದು ಪಾರದರ್ಶಕ ಗಾಜಿನ ಲೋಟವನ್ನು ಚುಕ್ಕೆ ಮೇಲೆ ಒತ್ತಿ ಹಿಡಿದು ನೋಡಿ. ಅಲರ್ಜಿಯ ಕೆಂಪು ಆದ್ರೆ ಒತ್ತಿದಾಗ ಮಾಯ ಆಗುತ್ತೆ, ರಕ್ತ ಸೋರಿದ ಚುಕ್ಕೆ ಹಾಗೇ ಇರುತ್ತೆ. ಕಪ್ಪು ಮೈಬಣ್ಣದವರಲ್ಲಿ ಈ ಚುಕ್ಕೆ ಕಾಣೋದೇ ಕಷ್ಟ. ಅಂಥವರಲ್ಲಿ ಅಂಗಾಲು, ಬಾಯಿಯ ಅಂಗುಳ, ಕೆಳಗಿನ ಕಣ್ಣುರೆಪ್ಪೆಯ ಒಳಭಾಗ ನೋಡಬೇಕು. ಎಷ್ಟೋ ಸಲ ತಡ ಆಗೋದು ಇದರಿಂದಲೇ.

ಎದೆಯ ಗಂಟುಗಳದ್ದು ಬೇರೆ ಕಥೆ. ಅಲ್ಲಿ ರಕ್ತ ಸೋರಿಲ್ಲ, ಲ್ಯುಕೇಮಿಯಾ ಕಣಗಳೇ ರಕ್ತನಾಳದಿಂದ ಹೊರಬಂದು ಚರ್ಮದಲ್ಲಿ ಗುಂಪು ಕಟ್ಟಿಕೊಂಡಿರಬಹುದು. ಇದರ ಹೆಸರು ಲ್ಯುಕೇಮಿಯಾ ಕ್ಯುಟಿಸ್. ಗಟ್ಟಿ, ಕಂದುಗೆಂಪು ಅಥವಾ ನೇರಳೆ, ತುರಿಕೆ ಇಲ್ಲ, ನೋವಿಲ್ಲ, ಮುಲಾಮಿಗೆ ಜಗ್ಗಲ್ಲ. ನೀವು ಬರೆದದ್ದು ಇದಕ್ಕೆ ಹೊಂದುತ್ತೆ, ಹಾಗಂತ ಇದೇ ಅಂತ ದೂರದಿಂದ ಹೇಳೋಕೆ ಆಗಲ್ಲ. ಲಿಂಫೋಮಾ ಅನ್ನೋ ಇನ್ನೊಂದು ಕ್ಯಾನ್ಸರ್, ಸಾರ್ಕಾಯ್ಡೋಸಿಸ್ ಅನ್ನೋ ಉರಿಯೂತದ ಕಾಯಿಲೆ, ಕೆಲವು ಸೋಂಕುಗಳು ಕೂಡ ಇದೇ ವೇಷದಲ್ಲಿ ಬರುತ್ತವೆ. ದೊಡ್ಡವರಲ್ಲಿ ಇದು ಜಾಸ್ತಿ ಕಾಣೋದು ಎಎಂಎಲ್ ಅನ್ನೋ, ಬೇಗ ಬೆಳೆಯುವ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ, ಅದರಲ್ಲೂ ಮಾನೋಸೈಟ್ ಅನ್ನೋ ಬಿಳಿಕಣದ ಜಾತಿಯ ಕಣಗಳಿಂದ ಬರುವ ಬಗೆಗಳಲ್ಲಿ. ಅದೇ ಬಗೆಗಳಲ್ಲಿ ಒಸಡೂ ಊದಿಕೊಂಡು ಹಲ್ಲಿನ ಮೇಲೆ ಏರುತ್ತೆ. ನಿಮ್ಮ ಡಾಕ್ಟರು ಬಾಯಿ ನೋಡಿದ್ದು ಅದಕ್ಕೇ ಇರಬೇಕು.

ಮೂರನೇದೊಂದು ಇದೆ, ನಿಮ್ಮ ವಿವರಕ್ಕೆ ಹೊಂದಲ್ಲ, ಬೇರೆಯವರು ಓದ್ತಾರೆ ಅಂತ ಹೇಳ್ತೀನಿ. ಜ್ವರದ ಜೊತೆ ಇದ್ದಕ್ಕಿದ್ದ ಹಾಗೆ ಮುಖ, ಕುತ್ತಿಗೆ, ಕೈ ಮೇಲೆ ನೋಯುವ ಕೆಂಪು ದದ್ದುಗಳು ಏಳೋದು, ಸ್ವೀಟ್ ಸಿಂಡ್ರೋಮ್. 1964ರಲ್ಲಿ ರಾಬರ್ಟ್ ಡಗ್ಲಸ್ ಸ್ವೀಟ್ ಅನ್ನೋ ಬ್ರಿಟಿಷ್ ಚರ್ಮವೈದ್ಯರು ಮೊದಲು ವಿವರಿಸಿದ್ದು. ಇದರಲ್ಲಿ ಚರ್ಮಕ್ಕೆ ನುಗ್ಗೋದು ಮಾಮೂಲಿ ಬಿಳಿ ರಕ್ತಕಣಗಳು, ಕ್ಯಾನ್ಸರ್ ಕಣಗಳಲ್ಲ. ಆದರೂ ಸುಮಾರು ಐದರಲ್ಲೊಬ್ಬರಿಗೆ ಹಿಂದೆ ಎಲ್ಲೋ ಕ್ಯಾನ್ಸರ್ ಇರುತ್ತೆ, ಅದರಲ್ಲಿ ಎಎಂಎಲ್ ಮುಂದೆ ನಿಲ್ಲುತ್ತೆ. ತಮಾಷೆಯ ವಿಷಯ ಅಲ್ಲ, ಯಾಕಂದ್ರೆ ಸ್ಟೆರಾಯ್ಡ್ ಕೊಟ್ಟರೆ ದದ್ದುಗಳು ಬೇಗ ಇಳಿದುಬಿಡುತ್ತವೆ, ರೋಗಿ ವಾಸಿಯಾಯ್ತು ಅಂತ ಮನೆಗೆ ಹೋಗ್ತಾನೆ, ರಕ್ತ ಯಾರೂ ನೋಡಿರಲ್ಲ.

ಬಯಾಪ್ಸಿಯಿಂದ ಹರಡುತ್ತೆ ಅನ್ನೋದು ಸುಳ್ಳು. ಲ್ಯುಕೇಮಿಯಾ ಹುಟ್ಟೋದೇ ರಕ್ತ ತಯಾರಾಗುವ ಜಾಗದಲ್ಲಿ, ಹೊಸದಾಗಿ ಹರಡೋಕೆ ಅದಕ್ಕೆ ಕತ್ತರಿಯ ಸಹಾಯ ಬೇಕಿಲ್ಲ. ಸಾಮಾನ್ಯವಾಗಿ 4 ಮಿಲಿಮೀಟರ್ ಅಗಲದ ಪಂಚ್‌ನಿಂದ ಒಂದು ಚೂರು ತೆಗೀತಾರೆ. ಮರಗಟ್ಟಿಸುವ ಚುಚ್ಚುಮದ್ದು ಕೊಡುವಾಗ ಉರಿ, ಆಮೇಲೆ ಒತ್ತಿದ ಅನುಭವ ಅಷ್ಟೇ. ಒಂದೆರಡು ಹೊಲಿಗೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಜಾಸ್ತಿ ಹೊತ್ತು ಒತ್ತಿ ಹಿಡೀತಾರೆ, ತೀರಾ ಕಡಿಮೆ ಇದ್ದರೆ ಮೊದಲು ಪ್ಲೇಟ್‌ಲೆಟ್ ಏರಿಸ್ತಾರೆ. ಮನೆಯ ದೊಡ್ಡವರನ್ನು ಡಾಕ್ಟರ ಹತ್ತಿರವೇ ಕರ್ಕೊಂಡು ಹೋಗಿ ಕೇಳಿಸಿ, ಅವರ ಭಯವೂ ಸುಮ್ನೆ ಬಂದದ್ದಲ್ಲ.

ಅಲ್ಲಿಯವರೆಗೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಸೊಂಟಕ್ಕೆ, ತೋಳಿಗೆ ಇಂಜೆಕ್ಷನ್ ಬೇಡ. ಮೆದು ಬ್ರಷ್ ಬಳಸಲಿ.

---

ಸ್ಲೈಡ್‌ಮುಂದೆ ಉತ್ತರಿಸಿದ್ದು:

ನಾನು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ. ಮೇಲೆ ಡಾಕ್ಟರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ರಿಪೋರ್ಟಿನಲ್ಲಿ ಬರೀ ಅಂಕಿಗಳನ್ನು ನೋಡಬೇಡಿ. ‘ಪೆರಿಫೆರಲ್ ಸ್ಮಿಯರ್’ ಅಂತ ಒಂದು ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಮಾಡಿಸಿ, ರಕ್ತ ಮತ್ತೆ ಕೊಡಬೇಕಾಗಿ ಬಂದರೂ ಕೊಡಿ.

ಯಾಕೆ ಅಂದ್ರೆ, ಮಷೀನು ಕಣಗಳನ್ನು ಎಣಿಸುತ್ತೆ, ಗಾತ್ರ ನೋಡುತ್ತೆ, ಅನುಮಾನ ಬಂದರೆ ಒಂದು ಗುರುತು ಹಾಕುತ್ತೆ. ಆ ಗುರುತು ನೋಡಿ ಯಾರಾದರೂ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಎಳೆದು, ಬಣ್ಣ ಹಾಕಿ, ಕಣ್ಣಿಟ್ಟು ನೋಡಲೇಬೇಕು. ಬ್ಲಾಸ್ಟ್ ಅನ್ನೋ ಎಳೆಯ ಕಣಗಳು ಅಲ್ಲಿ ಕಾಣ್ತವೆ. ದೊಡ್ಡ ನ್ಯೂಕ್ಲಿಯಸ್, ಸುತ್ತ ಸ್ವಲ್ಪವೇ ನೀಲಿ ದ್ರವ್ಯ, ನ್ಯೂಕ್ಲಿಯಸ್ಸಿನೊಳಗೆ ಒಂದೆರಡು ಮಸುಕು ಉಂಗುರ. ಕೆಲವೊಮ್ಮೆ ಕಣದೊಳಗೆ ತೆಳ್ಳನೆಯ ಕೆಂಪು ಕಡ್ಡಿ ಕಾಣುತ್ತೆ, ಔವರ್ ರಾಡ್ ಅಂತಾರೆ. ಬ್ಲಾಸ್ಟಿನಲ್ಲಿ ಅದು ಸಿಕ್ಕರೆ ಮೈಲಾಯ್ಡ್ ಬಗೆಯ ಕಾಯಿಲೆ ಅಂತ ಅಲ್ಲೇ ಗೊತ್ತಾಗಿಬಿಡುತ್ತೆ. ಅದನ್ನು ಮೊದಲು ನೋಡುವವರು ನಾವು, ರೋಗಿಗೆ ಇನ್ನೂ ಏನೂ ತಿಳಿದಿರಲ್ಲ. ಫೋನ್ ಕೈಗೆತ್ತಿಕೊಂಡು ಡಾಕ್ಟರಿಗೆ ಹೇಳೋ ಆ ಮಾತು ಎಷ್ಟು ವರ್ಷ ಆದರೂ ಸಲೀಸಾಗಲ್ಲ.

ಬಿಳಿಕಣ ಜಾಸ್ತಿ ಇದ್ದರೆ ಮಾತ್ರ ಲ್ಯುಕೇಮಿಯಾ ಅನ್ನೋದು ತಪ್ಪು ಕಲ್ಪನೆ. ಜಾಸ್ತಿ ಇರಬಹುದು, ಸರಿಯಾಗೇ ಇರಬಹುದು, ಕಡಿಮೆಯೂ ಇರಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಒಂದು ಮೈಕ್ರೋಲೀಟರಿಗೆ 1.5 ಲಕ್ಷದಿಂದ 4.5 ಲಕ್ಷ. 20,000ದ ಆಸುಪಾಸಿಗೆ ಇಳಿದಾಗ ಚುಕ್ಕೆಗಳು ತಾವಾಗೇ ಏಳೋದು ಜಾಸ್ತಿ. 10,000ಕ್ಕಿಂತ ಕೆಳಗೆ ಹೋದರೆ ರಕ್ತಸ್ರಾವ ಇಲ್ಲದಿದ್ದರೂ ಸಾಮಾನ್ಯವಾಗಿ ಏರಿಸ್ತಾರೆ.

ಇನ್ನೊಂದು, ಇದು ಗಂಭೀರ. ಎಪಿಎಲ್ ಅಂತ ಒಂದು ಬಗೆ ಇದೆ. ಅದರಲ್ಲಿ ಪ್ಲೇಟ್‌ಲೆಟ್ ಕಡಿಮೆಯಾಗೋದರ ಜೊತೆಗೆ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕೆಡುತ್ತೆ. ಏಟೇ ಬೀಳದೆ ಅಂಗೈ ಅಗಲದ ನೀಲಿ ಕಲೆಗಳು, ಮೂಗಿನಿಂದ ನಿಲ್ಲದ ರಕ್ತ. ಇದರಲ್ಲಿ ಮೊದಲ ದಿನಗಳ ರಕ್ತಸ್ರಾವವೇ ಜೀವ ತೆಗೆಯೋದು. ಆದರೆ ಎಟಿಆರ್‌ಎ ಅನ್ನೋ ಮಾತ್ರೆ, ಅದರ ಜೊತೆ ಆರ್ಸೆನಿಕ್ ಟ್ರೈಆಕ್ಸೈಡ್, ಇವು ಬಂದ ಮೇಲೆ ಲ್ಯುಕೇಮಿಯಾಗಳಲ್ಲೇ ಚೆನ್ನಾಗಿ ವಾಸಿಯಾಗೋ ಕಾಯಿಲೆ ಇದು. ಅನುಮಾನ ಬಂದ ಕೂಡಲೇ, ಜೀನ್ ಪರೀಕ್ಷೆಯ ಫಲಿತಾಂಶಕ್ಕೂ ಕಾಯದೆ, ಮಾತ್ರೆ ಶುರು ಮಾಡ್ತಾರೆ. ಹಾಗಾಗಿ ಸ್ಮಿಯರ್ ಅದೇ ದಿನ ನೋಡೋದು ಅಂದ್ರೆ ಸಣ್ಣ ವಿಷಯ ಅಲ್ಲ.

---

ಬೆಳಗಿನಬಸ್ ಉತ್ತರಿಸಿದ್ದು:

ನಮ್ಮ ಅಮ್ಮನಿಗೆ ಆದದ್ದು ಹೇಳ್ತೀನಿ. ಹೆದರಿಸೋಕೆ ಅಲ್ಲ, ಬಯಾಪ್ಸಿ ಬೇಡ ಅನ್ನೋರಿಗೆ ಓದಿಸಿ ಅಂತ.

ಅಮ್ಮನಿಗೆ ಮೊದಲು ಹಣೆಯಂಚಿನಲ್ಲಿ, ಆಮೇಲೆ ತೋಳಿನಲ್ಲಿ ಇಂಥದ್ದೇ ಗಂಟು. ಹಳೆಯ ಆಪರೇಷನ್ ಗಾಯದ ಗುರುತಿನ ಮೇಲೂ ಒಂದು ಎದ್ದಿತ್ತು, ಗಾಯದ ಗೆರೆಯ ಉದ್ದಕ್ಕೂ ದಪ್ಪ ಆಗಿತ್ತು. ರಕ್ತ ಪರೀಕ್ಷೆ ಮಾಡಿಸಿದೆವು. ಎಲ್ಲ ಸರಿ ಇದೆ ಅಂತ ಬಂತು. ಒಬ್ಬರು ಡಾಕ್ಟರು ರಕ್ತ ಸರಿ ಇದೆ ಅಂದ ಮೇಲೆ ರಕ್ತದ ಕಾಯಿಲೆ ಹೇಗಿರುತ್ತೆ, ಚರ್ಮಕ್ಕೆ ವಯಸ್ಸಾಗಿದೆ ಅಂತ ಕಳಿಸಿಬಿಟ್ಟರು. ನನಗೆ ಈಗಲೂ ಆ ಮಾತು ನೆನೆದರೆ ಹೊಟ್ಟೆ ಉರಿಯುತ್ತೆ. ಗಂಟು ಕಣ್ಣೆದುರೇ ಬೆಳೀತಿತ್ತು, ತಲೆ ಬಾಚುವಾಗ ಬಾಚಣಿಗೆ ತಾಗುತ್ತಿತ್ತು.

ಬಯಾಪ್ಸಿ ಮಾಡಿದವರು ಬೇರೆ ಡಾಕ್ಟರು. ಚೂರನ್ನು ನೋಡಿದ ಪೆಥಾಲಜಿಸ್ಟ್ ಮೊದಲ ರಿಪೋರ್ಟಿನಲ್ಲಿ ಬರೀ ‘ಅಸಹಜ ಕಣಗಳು, ಮುಂದಿನ ಪರೀಕ್ಷೆ ಬೇಕು’ ಅಂತ ಬರೆದಿದ್ದರು. ಆಮೇಲೆ ಅದೇ ಚೂರಿಗೆ ಬೇರೆ ಬೇರೆ ಬಣ್ಣದ ಪರೀಕ್ಷೆ ಮಾಡಿದರು, ಸಿಡಿ68, ಲೈಸೋಜೈಮ್, ಹೀಗೆ ಏನೇನೋ ಹೆಸರು. ಆಗ ಗೊತ್ತಾಯ್ತು, ಮಾನೋಸೈಟ್ ಬಗೆಯ ಲ್ಯುಕೇಮಿಯಾ ಕಣಗಳು ಅಂತ. ರಕ್ತದಲ್ಲಿ ಆಗಲೂ ಏನೂ ಇರಲಿಲ್ಲ. ಚರ್ಮದಲ್ಲೇ ಮೊದಲು ಬಂದಿತ್ತು. ಕೆಲವು ತಿಂಗಳ ನಂತರ ಅಸ್ಥಿಮಜ್ಜೆಯಲ್ಲೂ ಸಿಕ್ಕಿತು.

ಆದರೆ ಚರ್ಮದ ಬಯಾಪ್ಸಿ ಬಂದ ಕೂಡಲೇ ರಕ್ತದ ಡಾಕ್ಟರು ಕಿಮೋ ಶುರು ಮಾಡಿದ್ದರು, ಮಜ್ಜೆಯಲ್ಲಿ ಸಿಗುವವರೆಗೆ ಕಾಯಲಿಲ್ಲ. ಇದು ಚರ್ಮದ ಕಾಯಿಲೆ ಅಂತ ತಿಳ್ಕೊಂಡು ಚರ್ಮಕ್ಕೆ ಮಾತ್ರ ಚಿಕಿತ್ಸೆ ಕೊಟ್ಟರೆ ಉಪಯೋಗ ಇಲ್ಲ ಅಂತ ನಮಗೆ ಕೂರಿಸಿಕೊಂಡು ವಿವರಿಸಿದರು. ಆ ಸಮಯಕ್ಕೆ ನಾನು ಇವತ್ತಿಗೂ ಋಣಿ.

---

ಚರ್ಮವೈದ್ಯ_ಒಬ್ಬ ಉತ್ತರಿಸಿದ್ದು:

@ಬೆಳಗಿನಬಸ್, ಬರೆದದ್ದಕ್ಕೆ ಧನ್ಯವಾದ. ಇದನ್ನು ಅಲ್ಯುಕೇಮಿಕ್ ಲ್ಯುಕೇಮಿಯಾ ಕ್ಯುಟಿಸ್ ಅಂತಾರೆ. ಅಪರೂಪ. ಹೆಚ್ಚಿನವರಲ್ಲಿ ಗಂಟು ಬರೋದು ಕಾಯಿಲೆ ಗೊತ್ತಾದ ಮೇಲೆ ಅಥವಾ ಅದರ ಜೊತೆಜೊತೆಗೇ. ಮೊದಲು ಬರೋದು ಕೆಲವರಿಗೆ ಮಾತ್ರ. ಆದರೆ ಆ ಕೆಲವರಿಗೆ ಬಯಾಪ್ಸಿ ಒಂದೇ ದಾರಿ. ಹಳೆಯ ಗಾಯದ ಮೇಲೆ ಗಂಟು ಏಳೋದನ್ನು ನೀವು ಗಮನಿಸಿದ್ದು ಸರಿಯಾಗಿದೆ. ಗಾಯ ಆದ ಜಾಗ, ಸರ್ಪಸುತ್ತು ವಾಸಿಯಾದ ಜಾಗ, ಇಂಥಲ್ಲಿ ಈ ಕಣಗಳು ಸೇರಿಕೊಳ್ಳೋದುಂಟು.

ಬಿಪಿಡಿಸಿಎನ್ ಅಂತ ಇನ್ನೊಂದು ಅಪರೂಪದ ರಕ್ತದ ಕ್ಯಾನ್ಸರ್ ಇದೆ. ಅದು ಹೆಚ್ಚಿನವರಲ್ಲಿ ಚರ್ಮದಲ್ಲೇ ಮೊದಲು ತೋರಿಸಿಕೊಳ್ಳುತ್ತೆ, ಏಟು ಬಿದ್ದ ಕಲೆ ಥರವೇ ಇರುತ್ತೆ, ಆದರೆ ಮಾಸುವುದಿಲ್ಲ. ಏಟಿನ ಕಲೆ ಅಂದ್ರೆ ನೀಲಿ, ಹಸಿರು, ಹಳದಿ ಆಗ್ತಾ ಎರಡು ವಾರದ ಆಸುಪಾಸಿನಲ್ಲಿ ಹೋಗಬೇಕು. ಹೋಗದೆ ಗಟ್ಟಿಯಾಗ್ತಾ ಬಂದರೆ ಅದು ಏಟಲ್ಲ. ಇದಕ್ಕಂತಲೇ ಟ್ಯಾಗ್ರಾಕ್ಸೋಫಸ್ಪ್ ಅನ್ನೋ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಸರಿಯಾದ ಹೆಸರು ಸಿಕ್ಕರೆ ಸರಿಯಾದ ಔಷಧ, ಬಯಾಪ್ಸಿ ಚೂರಿನ ಬೆಲೆ ಅಷ್ಟು.

---

ನಿದ್ದೆಗೆಟ್ಟತಾಯಿ ಕೇಳಿದ್ದು:

ಇದೆಲ್ಲ ಓದಿ ಕೈಕಾಲು ನಡುಗ್ತಿದೆ. ನನ್ನ ನಾಲ್ಕು ವರ್ಷದ ಮಗಳ ಕಾಲಲ್ಲೂ ಕೆಂಪು ಚುಕ್ಕೆ ಇವೆ, ಲೋಟ ಒತ್ತಿದರೆ ಹೋಗ್ತಿಲ್ಲ. ಎರಡು ವಾರದ ಹಿಂದೆ ನೆಗಡಿ ಜ್ವರ ಬಂದಿತ್ತು. ಈಗ ಆಟ ಊಟ ಎಲ್ಲ ಮಾಮೂಲು. ಲ್ಯುಕೇಮಿಯಾನಾ?

---

ಚರ್ಮವೈದ್ಯ_ಒಬ್ಬ ಉತ್ತರಿಸಿದ್ದು:

ಚೆನ್ನಾಗಿ ಆಡ್ತಿರೋ ಮಗುವಿಗೆ ವೈರಲ್ ಜ್ವರದ ಬೆನ್ನಿಗೆ ಹೀಗೆ ಚುಕ್ಕೆ ಬಂದರೆ ಹೆಚ್ಚಾಗಿ ಅದು ಐಟಿಪಿ. ದೇಹವೇ ತನ್ನ ಪ್ಲೇಟ್‌ಲೆಟ್‌ಗಳನ್ನು ನಾಶ ಮಾಡೋದು. ಮಕ್ಕಳಲ್ಲಿ ಬಹುಪಾಲು ತಾನಾಗೇ ಸರಿಹೋಗುತ್ತೆ. ಚುಕ್ಕೆಗಳು ಉಬ್ಬಿಕೊಂಡಿದ್ದು, ಕುಂಡೆ ಮತ್ತು ಕಾಲಿನಲ್ಲಿ ಮಾತ್ರ ಇದ್ದು, ಹೊಟ್ಟೆನೋವು, ಕೀಲುನೋವು ಇದ್ದರೆ ಅದು ಇನ್ನೊಂದು, ರಕ್ತನಾಳಗಳ ಉರಿಯೂತ. ಅದೂ ಕ್ಯಾನ್ಸರ್ ಅಲ್ಲ.

ಆದರೂ ಇವತ್ತೇ ತೋರಿಸಿ, ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಸ್ಮಿಯರ್ ಮಾಡಿಸಿ. ಮಗು ಬಿಳಿಚಿಕೊಂಡಿದೆಯಾ, ಕಾಲು ನೋವು ಅಂತ ರಾತ್ರಿ ಎದ್ದು ಅಳುತ್ತಾ, ಕುತ್ತಿಗೆಯಲ್ಲಿ ಗಂಟು, ಹೊಟ್ಟೆ ಉಬ್ಬರ ಇದೆಯಾ ಅನ್ನೋದನ್ನು ಡಾಕ್ಟರಿಗೆ ಹೇಳಿ. ಇವು ಇದ್ದರೆ ದಾರಿ ಬೇರೆ. ಈಗ ಚುಕ್ಕೆಯ ಜೊತೆ ಜ್ವರ ಬಂದು ಮಗು ಮಂಕಾದರೆ ಒಂದು ಗಂಟೆಯೂ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ, ಅದು ರಕ್ತಕ್ಕೆ ಸೋಂಕು ಹತ್ತಿದ ಲಕ್ಷಣ ಇರಬಹುದು.

---

ಸ್ಲೈಡ್‌ಮುಂದೆ ಉತ್ತರಿಸಿದ್ದು:

@ನಿದ್ದೆಗೆಟ್ಟತಾಯಿ, ಸ್ಮಿಯರ್ ನೋಡುವ ಮೊದಲು ಐಟಿಪಿಗೆ ಅಂತ ಯಾರೇ ಸ್ಟೆರಾಯ್ಡ್ ಬರೆದರೂ ಒಂದು ಮಾತು ಕೇಳಿ. ಮಕ್ಕಳ ಲ್ಯುಕೇಮಿಯಾ ಹೆಚ್ಚಿನದು ಎಎಲ್ಎಲ್ ಅನ್ನೋ ಇನ್ನೊಂದು ಬಗೆ, ಅದರ ಚಿಕಿತ್ಸೆಯಲ್ಲಿ ಸ್ಟೆರಾಯ್ಡ್ ಮುಖ್ಯ ಔಷಧ. ಹಾಗಾಗಿ ಅದು ಇದ್ದು, ಬರೀ ಸ್ಟೆರಾಯ್ಡ್ ಕೊಟ್ಟರೆ ಕಣಗಳು ತಾತ್ಕಾಲಿಕವಾಗಿ ಅಡಗಿ ಪರೀಕ್ಷೆಗೆ ಸಿಗದೇ ಹೋಗಬಹುದು. ಇದು ನಿಮ್ಮ ಮಗಳಿಗೆ ಇದೆ ಅಂತ ಅಲ್ಲ. ಕ್ರಮ ತಪ್ಪಬಾರದು ಅಂತ ಅಷ್ಟೇ.

---

ಹೊಂಗೆನೆರಳು ಬರೆದದ್ದು:

ರಿಪೋರ್ಟ್ ಬಂತು. ಹಿಮೋಗ್ಲೋಬಿನ್ 7.8, ಬಿಳಿಕಣ 38,000, ಪ್ಲೇಟ್‌ಲೆಟ್ 22,000. ಕೆಳಗೆ ‘ಬ್ಲಾಸ್ಟ್ 46%’ ಅಂತ ಕೈಬರಹದಲ್ಲಿ ಇದೆ. ಲ್ಯಾಬಿನವರೇ ಡಾಕ್ಟರಿಗೆ ಫೋನ್ ಮಾಡಿದ್ದರಂತೆ, ನಾವು ಹೋಗೋ ಮೊದಲೇ ಅವರಿಗೆ ಗೊತ್ತಿತ್ತು. ರಾತ್ರಿಯೇ ಅಡ್ಮಿಟ್ ಆಯ್ತು. ಬೆಳಿಗ್ಗೆ ಸೊಂಟದ ಮೂಳೆಯಿಂದ ಮಜ್ಜೆ ತೆಗೆದರು, ಎದೆಯ ಗಂಟಿನ ಬಯಾಪ್ಸಿಯೂ ಆಯ್ತು. ಮೇಲಿನ ಉತ್ತರಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ಯಾರೂ ಬೇಡ ಅನ್ನಲಿಲ್ಲ.

ಎಎಂಎಲ್ ಅಂತ ಹೇಳ್ತಿದ್ದಾರೆ, ಬಗೆ ಇನ್ನೂ ಗೊತ್ತಾಗಬೇಕು. ಅಣ್ಣ ಒಂದೇ ಪ್ರಶ್ನೆ ಕೇಳ್ತಿದ್ದಾನೆ, ಈ ಗಂಟುಗಳು ಹೋಗ್ತವಾ ಅಂತ. ಅವನಿಗೆ ಕಾಯಿಲೆಗಿಂತ ಅದೇ ದೊಡ್ಡದಾಗಿದೆ, ಅಂಗಿ ಬಿಚ್ಚಿದರೆ ಕಣ್ಣಿಗೆ ಬೀಳುತ್ತಲ್ಲ. ಇನ್ನೊಂದು, ಬೆನ್ನುಹುರಿಯ ನೀರು ತೆಗೆಯಬೇಕಾಗಬಹುದು ಅಂದರು. ಚರ್ಮಕ್ಕೂ ಅದಕ್ಕೂ ಏನು ಸಂಬಂಧ?

---

ಚರ್ಮವೈದ್ಯ_ಒಬ್ಬ ಉತ್ತರಿಸಿದ್ದು:

ಬೇಗ ನಡೆದುಕೊಂಡಿದ್ದೀರಿ, ಒಳ್ಳೆಯದಾಯ್ತು.

ಗಂಟುಗಳ ವಿಷಯ ಅಣ್ಣನಿಗೆ ಹೀಗೆ ಹೇಳಿ: ಕಿಮೋ ಕೆಲಸ ಮಾಡಿದರೆ ಸಾಮಾನ್ಯವಾಗಿ ಗಂಟುಗಳೂ ಇಳಿಯುತ್ತವೆ. ಮೊದಲು ಚಪ್ಪಟೆಯಾಗ್ತವೆ, ಆಮೇಲೆ ಕಂದು ಗುರುತು ಉಳಿದು ನಿಧಾನಕ್ಕೆ ಮಾಸುತ್ತೆ. ಕೆಲವೊಮ್ಮೆ ಹಟಮಾರಿ ಗಂಟಿಗೆ ರೇಡಿಯೇಷನ್ ಸೇರಿಸ್ತಾರೆ. ಅವನು ಕೇಳ್ತಿರೋದು ಸಣ್ಣ ಪ್ರಶ್ನೆ ಅಲ್ಲ, ಚಿಕಿತ್ಸೆ ಹಿಡೀತಿದೆಯಾ ಅಂತ ಅವನು ಕಣ್ಣಾರೆ ನೋಡಬಹುದಾದ ಜಾಗ ಅದೊಂದೇ. ಈಗಲೇ ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಪ್ರತಿ ಗಂಟಿನ ಫೋಟೋ ತೆಗೆದಿಡಿ, ಬೆಳಕು ಒಂದೇ ಥರ ಇರಲಿ. ಚಿಕಿತ್ಸೆ ಮುಗಿದ ಎಷ್ಟೋ ತಿಂಗಳ ಮೇಲೆ ಹೊಸ ಗಂಟು ಬಂದರೂ ರಕ್ತ ಚೆನ್ನಾಗಿದೆಯಲ್ಲ ಅಂತ ಬಿಡಬೇಡಿ, ಅದನ್ನೂ ಬಯಾಪ್ಸಿ ಮಾಡಿಸಬೇಕು.

ಬೆನ್ನುಹುರಿಯ ನೀರು: ಮಜ್ಜೆ ಬಿಟ್ಟು ಚರ್ಮಕ್ಕೆ ಬರೋ ಗುಣ ಇರೋ ಕಣಗಳು ಮೆದುಳಿನ ಸುತ್ತಲ ಪದರಕ್ಕೂ ಹೋಗಬಹುದು. ಮಾನೋಸೈಟ್ ಬಗೆಗಳಲ್ಲಿ ಅದು ಜಾಸ್ತಿ. ಅದಕ್ಕೆ ನೋಡ್ತಾರೆ. ಚರ್ಮದಲ್ಲಿ ಕಾಣಿಸಿಕೊಂಡ ಎಎಂಎಲ್ ಸಾಮಾನ್ಯವಾಗಿ ಸ್ವಲ್ಪ ಕಷ್ಟದ ಕಾಯಿಲೆ, ನಿಮ್ಮಿಂದ ಮುಚ್ಚಿಡೋದು ಸರಿಯಲ್ಲ. ಆದರೆ ಎಷ್ಟು ಕಷ್ಟ ಅನ್ನೋದು ಜೀನ್ ಪರೀಕ್ಷೆ ಬಂದ ಮೇಲೆ ಗೊತ್ತಾಗೋದು.

---

ಸ್ಲೈಡ್‌ಮುಂದೆ ಉತ್ತರಿಸಿದ್ದು:

ಜೀನ್ ಪರೀಕ್ಷೆಯಲ್ಲಿ ಎಫ್ಎಲ್‌ಟಿ3, ಎನ್‌ಪಿಎಂ1 ಈ ಎರಡು ಜೀನ್‌ಗಳ ಫಲಿತಾಂಶ ಕೇಳಿ ಬರೆದುಕೊಳ್ಳಿ. ಎಫ್ಎಲ್‌ಟಿ3 ಜೀನ್ ಬದಲಾಗಿದ್ದರೆ ಕಿಮೋ ಜೊತೆ ಮಿಡೋಸ್ಟೊರಿನ್ ಥರದ ಔಷಧ ಸೇರಿಸಬಹುದು, 2017ರಿಂದ ಅದು ಬಳಕೆಯಲ್ಲಿದೆ. ಅಸ್ಥಿಮಜ್ಜೆ ಕಸಿ ಬೇಕಾ ಬೇಡವಾ ಅನ್ನೋ ಮಾತೂ ಇದರ ಮೇಲೆ ನಿಂತಿರುತ್ತೆ. ಒಡಹುಟ್ಟಿದವರು ನೀವು, ಎಚ್ಎಲ್ಎ ಹೊಂದಾಣಿಕೆ, ಅಂದ್ರೆ ಕಸಿಗೆ ನಿಮ್ಮ ಮಜ್ಜೆ ಅಣ್ಣನಿಗೆ ಹೊಂದುತ್ತಾ ಅನ್ನೋ ಪರೀಕ್ಷೆಗೆ ನಿಮ್ಮನ್ನು ಕರೀಬಹುದು. ಒಂದೇ ತಂದೆತಾಯಿಯ ಮಕ್ಕಳಲ್ಲಿ ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು.

ಕಿಮೋ ಶುರುವಾದ ಮೇಲೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆ ಕ್ಷಣವೇ ನರ್ಸಿಗೆ ಹೇಳಿ, ರಾತ್ರಿ ಮೂರು ಗಂಟೆಯಾದರೂ.

---

ಹೊಂಗೆನೆರಳು ಬರೆದದ್ದು:

ಎಫ್ಎಲ್‌ಟಿ3, ಎನ್‌ಪಿಎಂ1 ಎರಡೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಸಂಜೆ ಡಾಕ್ಟರು ಬಂದಾಗ ಕೇಳ್ತೀನಿ. ಫೋಟೋ ತೆಗೆಯೋಕೆ ಅಣ್ಣ ಒಪ್ಪಿದ. ಹೊಂದಾಣಿಕೆ ಪರೀಕ್ಷೆಗೆ ನಾನೂ ತಂಗಿಯೂ ಇಬ್ಬರೂ ರಕ್ತ ಕೊಡ್ತೀವಿ, ಅದನ್ನು ಅವರು ಕೇಳೋ ಮೊದಲೇ ಹೇಳಿಬಿಡ್ತೀವಿ. ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಯಾವ ಬಗೆ ಅಂತ ಇಲ್ಲೇ ಹಾಕ್ತೀನಿ. @ನಿದ್ದೆಗೆಟ್ಟತಾಯಿ, ನಿಮ್ಮ ಮಗಳ ಸ್ಮಿಯರ್ ಏನಾಯ್ತು ಅಂತ ದಯವಿಟ್ಟು ಬರೀರಿ.